ಕುಡಿ ಚಿವುಟಿದವನ ಹೂವು

ಬೆಳಿಗ್ಗೆ ಕದ ತೆಗೆದಾಗ ಮನೆಯ ಮುಂದೆಲ್ಲ ಹಳದಿಯಾಗಿತ್ತು. ನೋಡಿದೊಡನೆ ಸಂತೋಷವಾಗಿಬಿಟ್ಟಿತಲ್ಲ ಎಂದು ಕೃಷ್ಣಪ್ಪನಿಗೆ ನಾಚಿಕೆಯಾಯಿತು. ಅಪ್ಪ ಸತ್ತು ಇನ್ನೂ ಒಂದು ತಿಂಗಳು. ತಲೆಯ ಮೇಲೆ ಕೈಯಾಡಿಸಿದರೆ ಬೋಳಿಸಿದ ಕೂದಲು ಮುಳ್ಳುಮುಳ್ಳಾಗಿ ಅಂಗೈಗೆ ತಾಗುತ್ತದೆ. ಅಂಥ ತಲೆ ಹೊತ್ತುಕೊಂಡು ಬಾಗಿಲಲ್ಲಿ ನಿಂತು ಸೇವಂತಿಗೆ ನೋಡಿ ಹಿಗ್ಗುವುದೆಂದರೇನು? ಆದರೂ ಹಿಗ್ಗು ನಿಲ್ಲಲಿಲ್ಲ. ಹನ್ನೆರಡು ಕುಂಡ, ಒಂದೊಂದರಲ್ಲೂ ಮೂವತ್ತು ನಲವತ್ತು ಹೂವು, ಎಲೆಯೇ ಕಾಣದ ಹಾಗೆ. ರಾಜಾಜಿನಗರದ ಈ ಹೊಸ ಬೀದಿಯಲ್ಲಿ ರಸ್ತೆಗಿನ್ನೂ ಜಲ್ಲಿಯಷ್ಟೇ ಬಿದ್ದಿತ್ತು. ಎದುರು ಸಾಲಿನ ಮನೆಗಳು ಕಿಟಕಿ ಮಟ್ಟಕ್ಕೆ ಬಂದು ನಿಂತಿದ್ದವು. ಬೇಲಿಗೆ ನೆಟ್ಟ ಕಲ್ಲುಕಂಬಗಳಲ್ಲಿ ಅರ್ಧಕ್ಕೆ ತಂತಿಯಿರಲಿಲ್ಲ. ಇವುಗಳ ನಡುವೆ ಇಷ್ಟೊಂದು ಹೂವು, ಸಾವಾದ ಮನೆಯಲ್ಲಿ ಯಾರೋ ಗಟ್ಟಿಯಾಗಿ ನಕ್ಕ ಹಾಗೆ ಕಾಣುತ್ತಿತ್ತು. ಅವನು ಕೆಳಗಿಳಿದು ಬಗ್ಗಿ ಮೂಸಿದ. ಸೇವಂತಿಗೆಯ ಹಸಿ, ಸ್ವಲ್ಪ ಕಹಿ ವಾಸನೆ. ಅಪ್ಪನ ಹೆಗಲ ಮೇಲಿನ ಟವೆಲ್ಲಿಗೆ ವರ್ಷದಲ್ಲಿ ಮೂರು ತಿಂಗಳು ಇದೇ ವಾಸನೆ ಇರುತ್ತಿತ್ತು. ಚಿಕ್ಕವನಿದ್ದಾಗ ಅದೇ ಟವೆಲ್ಲಿನಲ್ಲಿ ಮೂಗು ಒರೆಸಿಸಿಕೊಂಡವನು ತಾನು. ಒಳಗಿಂದ ಹೆಂಡತಿ ಪುಟ್ಟಲಕ್ಷ್ಮಿ, "ಅಕ್ಕ ಇನ್ನೂ ಬರ್ಲಿಲ್ವಾ?" ಎಂದು ಕೇಳಿದಳು. ಅವನು ಬೆಚ್ಚಿ ನೆಟ್ಟಗೆ ನಿಂತ.

ಅಕ್ಕ ಏಳು ಗಂಟೆಯೊಳಗೆ ಬಂದು ಹೋಗಬೇಕಾಗಿತ್ತು. ಹಾಗೆಂದು ಎರಡು ದಿನದ ಹಿಂದೆಯೇ ಅಪ್ಪನ ಹೂತೋಟವಿದ್ದ ಮೂಡಲಪಾಳ್ಯಕ್ಕೆ ಹೇಳಿಕಳಿಸಿದ್ದ. ಇವತ್ತು ಅಪ್ಪನನ್ನು ಮಣ್ಣು ಮಾಡಿದ ಜಾಗದಲ್ಲಿ ತಿಂಗಳ ಪೂಜೆ. ಮಗನಾದವನು ಹತ್ತು ಗಂಟೆಗೆ ಅಲ್ಲಿರಬೇಕು. ಆದರೆ ಒಂಬತ್ತಕ್ಕೆ ಶಂಭುಲಿಂಗಪ್ಪನವರು ಮನೆಗೆ ಬರುತ್ತಾರೆ. ಅವರು ಕೃಷ್ಣಪ್ಪನ ಆಫೀಸಿನ ಸೂಪರಿಂಟೆಂಡೆಂಟು. ಪಕ್ಕದ ಬೀದಿಯಲ್ಲೇ ಮನೆ. ಬಡಾವಣೆಯ ಹೂದೋಟದ ಸಂಘಕ್ಕೆ ಕಾರ್ಯದರ್ಶಿ. ಈ ಸಲದ ಬಹುಮಾನಕ್ಕೆ ಯಾರ ಅಂಗಳವೆಂದು ಬರೆದುಕೊಳ್ಳಲು ಭಾನುವಾರ ಮನೆಮನೆ ಸುತ್ತುತ್ತಾರೆ. ಅಕ್ಕನಿಗೆ ಬೇಕಾದದ್ದು ಹೂವು. ಅವಳು ಹೇಳಿಕಳಿಸಿದ್ದಳು, ಮುಂದಿನ ಕುಂಡದ ಹೂವೇ ಬೇಕು ಅಂತ. ಕೃಷ್ಣಪ್ಪ ತಿರುಗಿ ಹೇಳಿಕಳಿಸಿದ್ದ, ಹಿತ್ತಲಲ್ಲಿ ಪುಟ್ಟಲಕ್ಷ್ಮಿ ಹಾಕಿದ ಸಣ್ಣ ಹೂವಿನ ಗುಂಡಿ ಸೇವಂತಿಗೆ ಬೇಕಾದಷ್ಟಿದೆ, ಅದನ್ನು ಬಿಡಿಸಿಕೊಂಡು ಹೋಗಲಿ, ಮುಂದಿನದನ್ನು ಅವರು ನೋಡಿಹೋದ ಮೇಲೆ ನೋಡೋಣ ಅಂತ. ಹೇಳಿಕಳಿಸುವಾಗ ಅದು ತುಂಬ ನ್ಯಾಯವಾದ ಏರ್ಪಾಡಾಗಿ ಕಂಡಿತ್ತು. ಒಂದು ದಿನ ತಡವಾದರೆ ಗೋರಿಯೇನು ಎದ್ದು ಹೋಗುತ್ತದೆಯೇ? ಹಾಗೆ ಅಂದುಕೊಂಡದ್ದು ನೆನಪಾಗಿ ಈಗ ಕುಂಡಗಳ ಕಡೆಯಿಂದ ಮುಖ ತಿರುಗಿಸಿದ.

ಯಾಕೆಂದರೆ ಅಪ್ಪನ ಮನೆಯಲ್ಲಿ ಒಂದು ಕಟ್ಟಳೆ. ಸೇವಂತಿಗೆ ಸಸಿ ನೆಟ್ಟು ತಿಂಗಳಾಗುತ್ತಲೇ ಕುಡಿ ಚಿವುಟಬೇಕು. ತಲೆ ಮುರಿದರೇ ಪಕ್ಕದಲ್ಲಿ ಕವಲೊಡೆಯುವುದು, ಕವಲೊಡೆದರೇ ಹೂವು. ಯಾವ ಸಾಲಿನ ಕುಡಿಯನ್ನು ಯಾರು ಚಿವುಟಿದರೋ ಆ ಸಾಲಿನ ಮೊದಲ ದಿನದ ಹೂವು ಅವರದು. ಅದನ್ನು ಮಾರುಕಟ್ಟೆಗೆ ಹಾಕುವಂತಿಲ್ಲ. ಅವ್ವ ತನ್ನದನ್ನು ಕೇರಿಯ ಹೆಂಗಸರಿಗೆಲ್ಲ ಹಂಚುತ್ತಿದ್ದಳು. ಅಪ್ಪ ತನ್ನದನ್ನು ತೋಟದ ಕೊನೆಯ ಹೊಂಗೆಮರದ ಬುಡದಲ್ಲಿದ್ದ ಮುನೇಶ್ವರನ ಕಲ್ಲಿಗೆ ಸುರಿಯುತ್ತಿದ್ದ. ಏಳು ವರ್ಷದ ಕೃಷ್ಣಪ್ಪನ ಕೈ ಹಿಡಿದು, ಹೆಬ್ಬೆರಳ ಉಗುರು ಎಲ್ಲಿ ಇಳಿಯಬೇಕು, ಎಷ್ಟು ಇಳಿಯಬೇಕು ಎಂದು ತೋರಿಸಿಕೊಟ್ಟವನು ಅವನೇ. "ನೋಯ್ತದೆ ಅಂತ ನೋಡ್ಬ್ಯಾಡ ಕಿಟ್ಟ. ಒಂದೇ ಏಟ್ಗೆ ಚಿವುಟ್ಬೇಕು. ಎಳದಾಡುದ್ರೇನೆ ನೋಯೋದು." ಆ ವರ್ಷ ಅರ್ಧ ಸಾಲಿನ ಹೂವು ಅವನ ಪಾಲಿಗೆ ಬಂದಿತ್ತು. ಪುಟ್ಟ ಕುಕ್ಕೆಯಲ್ಲಿ ತುಂಬಿ ಶಾಲೆಯ ಮೇಷ್ಟರ ಮೇಜಿನ ಮೇಲಿಟ್ಟಿದ್ದ. ಮೇಷ್ಟರು ಖುಷಿಯಾಗಿ, ನೀನು ಮಣ್ಣಿನಲ್ಲಿರಬೇಕಾದ ಹುಡುಗ ಅಲ್ಲ ಕಣೋ ಎಂದಿದ್ದರು. ಆ ಮಾತನ್ನು ಅವನು ಓಡುತ್ತ ಬಂದು ಅಪ್ಪನಿಗೆ ಹೇಳಿದ. ಅಪ್ಪನ ಮುಖ ಊರಗಲವಾಗಿತ್ತು. ಪಾಪದವನು, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಮುಂದಿನ ಹನ್ನೆರಡು ಕುಂಡದ ಕುಡಿ ಚಿವುಟಿದವನು ಅಪ್ಪನೇ. ಅಲ್ಲಿಂದಲೇ ಎಲ್ಲ ಕೆಟ್ಟದ್ದು. ಆ ಸಸಿಗಳನ್ನು ಶಂಭುಲಿಂಗಪ್ಪನವರು ಎಲ್ಲಿಂದಲೋ ತರಿಸಿಕೊಟ್ಟಿದ್ದರು: ದಪ್ಪ ಹೂವಿನ ಜಾತಿ, ಗಿಡಕ್ಕೊಂದೇ ಕಾಂಡ ಬಿಡಬೇಕು, ಕಾಂಡಕ್ಕೊಂದೇ ಮೊಗ್ಗು, ಆಗ ಹೂವು ಊಟದ ತಟ್ಟೆಯಷ್ಟಗಲ ಬರುತ್ತದೆ. ಕೃಷ್ಣಪ್ಪ ಅವರು ಹೇಳಿದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಆಫೀಸಿನ ಗುಂಡು ಅಕ್ಷರದಲ್ಲಿ ಬರೆದುಕೊಂಡಿದ್ದ. ಹೂವಿನ ತೋಟದಲ್ಲಿ ಹುಟ್ಟಿದವನು ಹೂವು ಬೆಳೆಯುವುದನ್ನು ಹೀಗೆ ಮೊದಲಿಂದ ಬರೆದುಕೊಳ್ಳುವಾಗ ಎಷ್ಟು ಸುಖವಾಗಿತ್ತು! ತನಗೆ ಏನೂ ಗೊತ್ತಿಲ್ಲವೆನ್ನುವುದೇ ಒಂದು ಪದವಿಯಾಗಿತ್ತು. "ನಿಮ್ಮ ಕಡೆ ಹೂವು ಬೆಳೀತಾರೇನ್ರೀ?" ಎಂದು ಅವರು ಕೇಳಿದ್ದಕ್ಕೆ, "ಇಲ್ಲ ಸಾರ್, ನಮ್ಮದು ಬರೀ ಹೊಲ" ಎಂದುಬಿಟ್ಟಿದ್ದ. ಅಪ್ಪ ವಾರಕ್ಕೊಮ್ಮೆ ಮೂಡಲಪಾಳ್ಯದಿಂದ ನಡೆದು ಬರುತ್ತಿದ್ದ. ಶ್ರಾವಣದ ಒಂದು ಭಾನುವಾರ ಬಂದವನು, ಸಸಿಗಳು ಕವಲಿಲ್ಲದೆ ಉದ್ದುದ್ದ ಬೆಳೆದಿದ್ದನ್ನು ನೋಡಿ ಕರುಳು ಚುರಕ್ಕೆಂದು, ಮಗನಿಗೆ ಆಫೀಸಿನ ಗಡಿಬಿಡಿಯಲ್ಲಿ ಮರೆತುಹೋಗಿದೆ ಎಂದುಕೊಂಡು, ಕುಕ್ಕರುಗಾಲಲ್ಲಿ ಕೂತು ಹನ್ನೆರಡು ಗಿಡದ ತಲೆಯನ್ನೂ ಚಿವುಟಿಬಿಟ್ಟ. ಕೃಷ್ಣಪ್ಪ ಬೀದಿಯ ಮೂಲೆಯಲ್ಲಿ ಸಿಕ್ಕಿದ ಶಂಭುಲಿಂಗಪ್ಪನವರನ್ನು ಸಸಿ ತೋರಿಸಲು ಕರೆದುಕೊಂಡು ಬಂದ. ಬಂದಾಗ ಅಪ್ಪನ ಮಡಿಲಲ್ಲಿ ಹನ್ನೆರಡು ಹಸಿರು ಕುಡಿ ಇದ್ದವು.

ಅಪ್ಪ ತಲೆಯೆತ್ತಿ ನಕ್ಕ. ಏನೋ ಹೇಳಲು ಬಾಯಿ ತೆರೆದವನು, ಮಗನ ಹಿಂದೆ ಬೂಟು ಹಾಕಿದ ದೊಡ್ಡ ಮನುಷ್ಯ ಬರುವುದನ್ನು ಕಂಡು, ತೆರೆದ ಬಾಯಿ ಹಾಗೇ ಮುಚ್ಚಿಕೊಂಡು ಎದ್ದು ನಿಂತ. ಮೊಣಕಾಲಿನ ಮೇಲಿನ ಪಂಚೆ, ತಲೆಗೆ ಸುತ್ತಿದ ಟವೆಲ್ಲು, ಮೀಸೆಯ ತುದಿಗೆ ಮಣ್ಣು. "ಅಯ್ಯಯ್ಯೋ, ಎಲ್ಲಾ ಹಾಳು ಮಾಡಿಬಿಟ್ಟಿದಾನಲ್ರೀ! ಯಾರ್ರೀ ಇವನು?" ಎಂದರು ಶಂಭುಲಿಂಗಪ್ಪ. ಆಗ ಕೃಷ್ಣಪ್ಪನಿಗೆ ಯೋಚಿಸಲು ಸಮಯವಿತ್ತು. ಈಗಲೂ ಅದನ್ನು ಎಳೆದು ಎಳೆದು ನೋಡುತ್ತಾನೆ: ಸಮಯವಿರಲಿಲ್ಲ, ಬಾಯಿತಪ್ಪಿ ಬಂತು ಎಂದು ಹೇಳಿಕೊಳ್ಳಲು ನೋಡುತ್ತಾನೆ; ಆಗುವುದಿಲ್ಲ. ಬೇಕಾದಷ್ಟು ಸಮಯವಿತ್ತು. ಅಪ್ಪನ ಕಾಲಬೆರಳಿನ ಸಂದಿಯ ಮಣ್ಣನ್ನು ನೋಡುವಷ್ಟು, ಅದನ್ನು ಶಂಭುಲಿಂಗಪ್ಪನವರೂ ನೋಡುತ್ತಿದ್ದಾರೆಂದು ತಿಳಿಯುವಷ್ಟು. "ಮಾಲಿ ಸಾರ್. ಗೊತ್ತಾಗ್ದೆ ಮಾಡಿಬಿಟ್ಟಿದಾನೆ" ಎಂದ. ಮನೆಯಲ್ಲೂ ಅಪ್ಪನನ್ನು ಹೋದ ಬಂದ ಎಂದು ಏಕವಚನದಲ್ಲೇ ಅನ್ನುತ್ತಿದ್ದದ್ದು, ಹುಟ್ಟಿದಾಗಿನಿಂದ. ಅದೇ ಮಾತು ಅವತ್ತು ಬಾಯಿಂದ ಹೊರಬಿದ್ದಾಗ ಉಗಿದ ಹಾಗಾಯಿತು. ಅಪ್ಪ ಒಂದು ಗಳಿಗೆ ಮಗನ ಮುಖ ನೋಡಿದ. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಮಗುವಿಗೆ ಹೇಗೆ ಸಹಾಯ ಮಾಡಲಿ ಎಂದು ನೋಡುವ ಹಾಗಿತ್ತು. ಆಮೇಲೆ ತಲೆಯ ಟವೆಲ್ಲು ಬಿಚ್ಚಿ ಕಂಕುಳಲ್ಲಿಟ್ಟು, ಕೈ ಮುಗಿದು, "ತೆಪ್ಪಾಯ್ತು ಸ್ವಾಮಿ, ಇನ್ಮ್ಯಾಕೆ ಮುಟ್ಟಕಿಲ್ಲ" ಎಂದ.

ಅವರು ಹೋದ ಮೇಲೆ ಅಪ್ಪನೂ ಹೊರಟ. ಕೃಷ್ಣಪ್ಪ ಬೀದಿಯ ಕೊನೆಯವರೆಗೆ ಹಿಂದೆಯೇ ಓಡಿ ಅಪ್ಪನ ಟವೆಲ್ಲಿನ ತುದಿ ಹಿಡಿದುಕೊಂಡಿದ್ದ. ಅಪ್ಪ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಬುಡು ಕಿಟ್ಟ. ಒತ್ತಾಯ್ತದೆ" ಎಂದು ಹೊತ್ತು ನೋಡಿಕೊಂಡು ಹೋದ. ಮುಂದಿನ ವಾರ ಬರುವುದಿಲ್ಲವೆಂದುಕೊಂಡಿದ್ದರೆ ಬಂದ. ಬರದೆ ಇದ್ದಿದ್ದರೇ ಚೆನ್ನಾಗಿತ್ತು! ಬಂದವನು ಮುಂಬಾಗಿಲಿಗೆ ಬರಲಿಲ್ಲ, ಹಿತ್ತಲ ತಡಿಕೆ ಸರಿಸಿಕೊಂಡು ಬಂದ. ಮುಂದೆ ಯಾರಾದರೂ ಮಾತಾಡುವುದು ಕೇಳಿಸಿದರೆ ಪಿಕಾಸಿ ಹಿಡಿದು ಕೆಲಸ ಮಾಡುವವನಂತೆ ಅಗೆಯುತ್ತಿದ್ದ. ಊಟಕ್ಕೆ ಒಳಗೆ ಕರೆದರೆ, "ಇಲ್ಲೇ ಆಕ್ಬುಡವ್ವ" ಎನ್ನುತ್ತಿದ್ದ. ಮಗನ ಸುಳ್ಳನ್ನು ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಮಮತೆಯಿಂದ ಕಾಪಾಡಿದ. ಪುಟ್ಟಲಕ್ಷ್ಮಿ ಒಂದು ದಿನ ಎಲೆ ತೆಗೆಯುತ್ತ, "ಮಾವ ಎಷ್ಟು ಚೆನ್ನಾಗಿ ಮಾಲಿ ಆಗಿದಾರೆ ನೋಡಿದ್ರಾ?" ಎಂದು ಮಾತ್ರ ಅಂದಳು. ಒಂಬತ್ತು ವಾರ ಹಾಗೆ ಬಂದ. ದಸರಾ ಕಳೆದು ನಾಲ್ಕು ದಿನಕ್ಕೆ, ತೋಟದಲ್ಲಿ ನೀರು ಕಟ್ಟುತ್ತಿದ್ದವನು ಬದುವಿನ ಮೇಲೆ ಕೂತ, ಕೂತವನು ಏಳಲಿಲ್ಲ.

ಹನ್ನೊಂದು ದಿನದ ಮೇಲೆ ಬೋಳುತಲೆಯಲ್ಲಿ ಆಫೀಸಿಗೆ ಹೋದಾಗ ಶಂಭುಲಿಂಗಪ್ಪನವರು ಕುರ್ಚಿಯಿಂದೆದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟಿದ್ದರು. "ತಂದೆಯವರನ್ನ ಒಂದ್ಸಲವಾದ್ರೂ ನೋಡೋ ಯೋಗ ನಮಗೆ ಬರ್ಲಿಲ್ಲ ಕೃಷ್ಣಪ್ಪ. ನಿಮ್ಮಂಥ ಮಗನ್ನ ಬೆಳೆಸಿದೋರು, ದೊಡ್ಡೋರೇ ಇರ್ಬೇಕು." ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಅವರು ಕೆಟ್ಟವರಾಗಿದ್ದರೆ ಕೃಷ್ಣಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಎಂಟೂಮುಕ್ಕಾಲಿಗೆ ಅಕ್ಕ ಬಂದಳು. ಮುನಿತಾಯಮ್ಮ ಅವನಿಗಿಂತ ಆರು ವರ್ಷಕ್ಕೆ ದೊಡ್ಡವಳು, ಅಪ್ಪನದೇ ಮೂಗು, ಅಪ್ಪನ ಹಾಗೆಯೇ ಪಾದ ಹೊರಕ್ಕೆ ಹಾಕಿ ನಡೆಯುತ್ತಾಳೆ. ದೊಡ್ಡ ಬಿದಿರು ಕುಕ್ಕೆ ತಂದಿದ್ದಳು. ಅವಳೂ ಹಿತ್ತಲ ತಡಿಕೆಯಿಂದಲೇ ಬಂದಳು. ಅವಳಿಗೆ ಗೊತ್ತಿದೆಯೇ? ಅಪ್ಪ ಹೇಳಿದ್ದನೇ? ಹೇಳುವವನಲ್ಲ ಅವನು.

"ಯಾಕಕ್ಕ ಇಷ್ಟೊತ್ತು? ಏಳಕ್ಕೆ ಬಾ ಅಂದಿರ್ಲಿಲ್ವಾ?"

"ಹಸಾ ಕರ ಬುಟ್ಬುಟ್ಟು ಬರಕಾಯ್ತದಾ? ನೀನ್ಯಾವಾಗ ಒರಡ್ತೀಯ?"

"ಬರ್ತೀನಿ, ಹತ್ತಕ್ಕೆ. ನೀನು ಬೇಗ ಹಿತ್ತಲಲ್ಲಿ ಬಿಡಿಸ್ಕೊ."

ಅವಳು ಹಿತ್ತಲ ಗುಂಡಿ ಸೇವಂತಿಗೆಯ ಕಡೆ ಒಮ್ಮೆ ನೋಡಿದಳು. "ಇವು ಯಾರೂ ಚಿವುಟ್ದೆ ಬೆಳ್ದಿರೋವು. ಅಪ್ಪಂಗೆ ಯಾಕೆ ಇವು?" ಎಂದಳು. ದನಿ ಏರಿಸಲಿಲ್ಲ. "ಅವ್ನು ಚಿವುಟಿದ್ದು ಮುಂದಿನವು. ಮೊದಲ್ನೇ ಹೂವು ಅವ್ನುದು. ಅದ್ಕೇ ಬಂದಿರೋದು ನಾನು. ಮಾರಕಲ್ಲ."

"ಅವರು ನೋಡ್ಕೊಂಡು ಹೋಗ್ಲಿ ಅಕ್ಕ. ಅರ್ಧ ಗಂಟೆ. ಅಷ್ಟೂ ನೀನೇ ಬಿಡಿಸ್ಕೊಂಡು ಹೋಗುವಂತೆ. ಒಂದರ್ಧ ಗಂಟೆ ಇಲ್ಲೇ ಕೂತಿರು, ಪುಟ್ಟಲಕ್ಷ್ಮಿ ಕಾಫಿ ಕೊಡ್ತಾಳೆ."

"ಇಲ್ಲೇ ಅಂದ್ರೆ? ಇತ್ತಲಲ್ಲಾ?"

ಅಷ್ಟರಲ್ಲಿ ಮುಂದಿನಿಂದ, "ಕೃಷ್ಣಪ್ಪನೋರೇ!" ಎಂದು ಕೂಗು ಕೇಳಿಸಿತು.

ಶಂಭುಲಿಂಗಪ್ಪನವರು ಕೊಡೆ ಊರಿಕೊಂಡು ಕುಂಡಗಳ ನಡುವೆ ನಿಂತುಬಿಟ್ಟಿದ್ದರು. ಅವರ ಮುಖದಲ್ಲೂ ಅವನು ಬೆಳಿಗ್ಗೆ ಕದ ತೆಗೆದಾಗಿನ ಅದೇ ಹಿಗ್ಗು. "ಏನ್ರೀ ಇದು! ನಾನು ತಟ್ಟೆ ಅಗಲದ ಹನ್ನೆರಡು ಹೂವು ನೋಡೋಣ ಅಂತಿದ್ದೆ, ನೀವು ಹೊಲಾನೇ ಬೆಳೆಸಿದೀರಲ್ರೀ. ಅಲ್ಲ, ಎಷ್ಟು ಅಂದ್ಬಿಟ್ಟೆ ಅವತ್ತು ಆ ಮನುಷ್ಯನಿಗೆ. ಅವನಿಗೆ ಗೊತ್ತಿತ್ತು ಕಣ್ರೀ, ನಮಗೇ ಗೊತ್ತಿರ್ಲಿಲ್ಲ." ಅವರು ಬಗ್ಗಿ ಹೂವುಗಳ ಮೇಲೆ ಮೆಲ್ಲಗೆ ಅಂಗೈಯಾಡಿಸಿದರು. "ಬಹುಮಾನ ನಿಮ್ಮದೇ ಅಂತ ಇಟ್ಕೊಳ್ಳಿ. ಎಲ್ಲಿ ನಿಮ್ಮ ಮಾಲಿ? ಕರೀರಿ. ಅವನನ್ನ ಸ್ವಲ್ಪ ದಿನ ನಮ್ಮನೆಗೂ ಕಳಿಸಿಕೊಡ್ಬೇಕು ನೀವು."

ಹೇಳುವುದಿದ್ದರೆ ಇದೇ ಗಳಿಗೆ. ಅದನ್ನು ಯಾರೋ ತಟ್ಟೆಯಲ್ಲಿಟ್ಟು ಮುಂದೆ ಹಿಡಿದ ಹಾಗಿತ್ತು. "ಅವರು ನಮ್ಮಪ್ಪ ಸಾರ್." ನಾಲ್ಕು ಮಾತು ಕೂಡ ಅಲ್ಲ, ಮೂರು. ಶಂಭುಲಿಂಗಪ್ಪನವರು ಒಂದು ಕ್ಷಣ ಬೆರಗಾಗುತ್ತಾರೆ, ನೊಂದುಕೊಳ್ಳುತ್ತಾರೆ, ಪ್ರಾಯಶಃ ಕ್ಷಮಿಸುತ್ತಾರೆ ಕೂಡ. ಆದರೆ ಆಮೇಲೆ ಆಫೀಸಿನಲ್ಲಿ ಪ್ರತಿದಿನ ಅವರ ಕಣ್ಣು ತನ್ನ ಮೇಲೆ ಬಿದ್ದಾಗಲೆಲ್ಲ ಹೆತ್ತ ಅಪ್ಪನನ್ನು ಮಾಲಿ ಅಂದವನು ಎಂದು ನೋಡುತ್ತದೆ. ಆಳಿನ ಮಗ ಎಂದಲ್ಲ. ಅದನ್ನು ಹೇಗೋ ತಡೆದುಕೊಳ್ಳಬಹುದು. ಅಪ್ಪನನ್ನು ಮಾಲಿ ಅಂದವನು.

"ಹೋಗ್ಬಿಟ್ಟ ಸಾರ್" ಎಂದ ಕೃಷ್ಣಪ್ಪ.

"ಕೆಲಸ ಬಿಟ್ನಾ?"

"ತೀರಿಕೊಂಡ."

"ಅಯ್ಯೋ ಪಾಪ! ಗಟ್ಟಿಯಾಗಿದ್ನಲ್ಲ. ಯಾವಾಗ?"

"ದಸರಾ ಆದ್ಮೇಲೆ."

"ನಿಮ್ಮ ತಂದೆಯವರು ಹೋಗಿದ್ದೂ ಆಗ್ಲೇ ಅಲ್ವೇ?"

"ಹೌದು ಸಾರ್. ಅದೇ ದಿನ."

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿ ಎಂದು ಅವನು ಎವೆಯಿಕ್ಕದೆ ಅವರ ಮುಖವನ್ನೇ ನೋಡುತ್ತ ನಿಂತ. ಸ್ವಲ್ಪ ಸಹಾಯ ಮಾಡಿದ್ದರೆ, ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಹೇಳಿಬಿಡುತ್ತಿದ್ದನೋ ಏನೋ. ಅವರು "ಛೆ, ಛೆ, ಎಂಥಾ ದಿನ ಅದು" ಎಂದು ತಲೆಯಾಡಿಸಿದರು, ಅಷ್ಟೇ. ಆಮೇಲೆ ಅವರ ಕಣ್ಣು ಅವನ ಭುಜದಾಚೆ ಹೋಯಿತು. ಕೃಷ್ಣಪ್ಪ ತಿರುಗಿದ. ಮನೆಯ ಪಕ್ಕದ ಓಣಿಯ ಬಾಯಲ್ಲಿ ಖಾಲಿ ಕುಕ್ಕೆ ಸೊಂಟಕ್ಕಿಟ್ಟುಕೊಂಡು ಮುನಿತಾಯಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಇವಳ್ಯಾರು?"

ಕೃಷ್ಣಪ್ಪ ಬಾಯಿ ತೆರೆದ. ಅವಳು ಅವನಿಗೆ ಆ ತೊಂದರೆಯನ್ನೂ ಕೊಡಲಿಲ್ಲ.

"ಮಾಲಿ ಮಗಳು ಸ್ವಾಮಿ" ಎಂದಳು.

ಗೊತ್ತಿತ್ತು. ಎಲ್ಲ ಗೊತ್ತಿತ್ತು ಅವಳಿಗೆ. ಅಪ್ಪನ ಮಣ್ಣಿನ ಮುಂದೆ ತಾನು ಬಿದ್ದು ಹೊರಳಾಡಿ ಅತ್ತಾಗ, ಬೆನ್ನು ಸವರಿ ಎಬ್ಬಿಸಿ ಕೂರಿಸಿದಾಗಲೂ ಗೊತ್ತಿತ್ತು. ಅವರಿಬ್ಬರ ಮಾತು ದೂರದಿಂದ ಬಂದ ಹಾಗೆ ಕೇಳಿಸಿತು.

"ನಿಮ್ಮಪ್ಪ ಒಳ್ಳೆ ಕೆಲಸಗಾರ ಕಣಮ್ಮ. ನಿನಗೂ ಬರುತ್ತಾ ಇದೆಲ್ಲ?"

"ಬರ್ತದೆ ಸ್ವಾಮಿ. ಅಪ್ಪ ಕಲ್ಸವ್ನೆ. ತಮ್ಮಂಗೂ ಕಲ್ಸಿದ್ದ. ಅವಂಗೆ ತಲೆಗತ್ಲಿಲ್ಲ."

"ಏನ್ಮಾಡ್ತಾನೆ ತಮ್ಮ?"

"ಎಲ್ಲೋ ಆಪೀಸ್ನಾಗವ್ನೆ. ನಮ್ಗೆ ಸಿಕ್ಕಕಿಲ್ಲ." ಅವಳು ಕುಕ್ಕೆಯನ್ನು ಕೆಳಗಿಟ್ಟು ಕೈ ಮುಗಿದಳು. ಟವೆಲ್ಲೊಂದನ್ನು ಬಿಟ್ಟರೆ ಅಪ್ಪ ಅವತ್ತು ನಿಂತ ಹಾಗೆಯೇ ನಿಂತಳು. "ಒಂದು ಕೇಳ್ತೀನಿ ಸ್ವಾಮಿ. ನಮ್ಮ ಕಡೆ, ಕುಡಿ ಚಿವುಟ್ದೋರ್ಗೆ ಮೊದಲ್ನೇ ಹೂವು. ಇವು ನಮ್ಮಪ್ಪ ಚಿವುಟಿದ ಗಿಡ. ಇವತ್ತು ಅವ್ನ ತಿಂಗ್ಳು. ಇವ್ರು ಕೊಡಕಿಲ್ಲ ಅಂತಾರೆ. ನೀವು ಯೋಳಿ ಕೊಡ್ಸಿ."

ಶಂಭುಲಿಂಗಪ್ಪನವರ ಕಣ್ಣು ಒದ್ದೆಯಾಯಿತು. "ಕೊಡ್ರೀ ಕೃಷ್ಣಪ್ಪ. ಇದೇನ್ರೀ ನೀವು? ಬಹುಮಾನ ನಿಮ್ಮದೇ ಅಂತ ಆಯ್ತಲ್ಲ. ತಂದೆ ಕಳಕೊಂಡ ಸಂಕಟ ನಿಮಗೆ ಗೊತ್ತಿಲ್ವೇ? ಬಿಡಿಸ್ಕೊಳ್ಳಮ್ಮ ನೀನು, ಎಲ್ಲಾ ಬಿಡಿಸ್ಕೋ."

ಅವಳು ಬಿಡಿಸತೊಡಗಿದಳು. ಎರಡು ಕೈಯಲ್ಲೂ, ಸರಸರನೆ, ಹೂವಿನ ಕತ್ತಿಗೆ ಉಗುರು ತಾಗಿಸಿ. ಒಂದು ಕುಂಡ ಬೋಳಾಯಿತು, ಇನ್ನೊಂದು. ಒಳಗಿಂದ ಪುಟ್ಟಲಕ್ಷ್ಮಿ ಕಾಫಿ ತಂದಳು. ಅತ್ತಿಗೆಯನ್ನೂ ಗಂಡನನ್ನೂ ನೋಡಿ, ತುಟಿ ಕಚ್ಚಿಕೊಂಡು, ಲೋಟವನ್ನು ಶಂಭುಲಿಂಗಪ್ಪನವರ ಕೈಗೆ ಕೊಟ್ಟು ಒಳಗೆ ಹೋದಳು. ಅವರು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ ಮಂಡಿನೋವಿನ ಮಾತಾಡಿದರು. ಕೃಷ್ಣಪ್ಪ ಹೂಂಗುಟ್ಟಿದ. ಬಿಡಿಸಲು ಅವಳ ಪಕ್ಕ ಕೂರಬೇಕೆಂದು ಕೈ ತುರಿಸುತ್ತಿತ್ತು. ಅಷ್ಟು ಸಣ್ಣ ಆಸೆ. ಆಳಿನ ಮಗಳ ಪಕ್ಕ ಯಜಮಾನ ಯಾಕೆ ಕೂರುತ್ತಾನೆ? ಹನ್ನೆರಡನೆಯ ಕುಂಡವೂ ಮುಗಿಯಿತು. ಮನೆಯ ಮುಂದೆ ಹಳದಿ ಎಂಬುದೇ ಉಳಿಯಲಿಲ್ಲ. ಕುಕ್ಕೆ ಮಾತ್ರ ತುಂಬಿ ಮೇಲಕ್ಕೆ ಗೋಪುರವಾಗಿತ್ತು.

ಅವಳು ಸೆರಗನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡಳು. ತುಂಬಿದ ಕುಕ್ಕೆಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲಾಗುವುದಿಲ್ಲ. ತೋಟದಲ್ಲಿ ಅಪ್ಪ ಎತ್ತಿಸುತ್ತಿದ್ದ. ಅವಳು ಸುತ್ತ ನೋಡಿದಳು.

"ಒಸಿ ಕೈ ಕೊಡಿ ಸ್ವಾಮಿ."

ಕೃಷ್ಣಪ್ಪ ಹೋದ. "ಅರೆ, ನೀವ್ಯಾಕ್ರೀ" ಎಂದು ಹಿಂದಿನಿಂದ ಶಂಭುಲಿಂಗಪ್ಪನವರು ಅಂದರು. ಅವನು ಬಗ್ಗಿ ಕುಕ್ಕೆಯ ಅಂಚು ಹಿಡಿದ. ಇನ್ನೊಂದು ಅಂಚು ಅವಳು. ಎತ್ತಿದರು. ಹೂವಿಗೆ ಇಷ್ಟು ಭಾರವಿರುತ್ತದೆಂದು ಅವನಿಗೆ ಮರೆತೇಹೋಗಿತ್ತು. ಕುಕ್ಕೆ ಅವಳ ತಲೆಯ ಮೇಲೆ ಕೂತಿತು. ಆದರೂ ಅವನ ಕೈ ಅಂಚನ್ನು ಹಿಡಿದೇ ಇತ್ತು. ಅವಳ ಮುಖ ಒಂದು ಗೇಣು ದೂರದಲ್ಲಿತ್ತು, ಅಪ್ಪನ ಮೂಗು, ಅಪ್ಪನ ಕಣ್ಣು, ಆ ಕಣ್ಣಿನ ತುಂಬ ನೀರು. ಅವನಿಗೆ ಅಕ್ಕ ಎನ್ನಬೇಕಾಗಿತ್ತು. ಮೆಟ್ಟಿಲ ಮೇಲಿದ್ದವರಿಗೆ ಕೇಳಿಸದ ಹಾಗೆ, ತೀರ ಮೆಲ್ಲಗೆ, ಅವಳು ಹೇಳಿದಳು:

"ಬುಡು ಕಿಟ್ಟ. ಒತ್ತಾಯ್ತದೆ."